ಪ್ರೀಮಿಯಂ ಪೆಟ್ರೋಲ್

ಪ್ರೀಮಿಯಂ ಪೆಟ್ರೋಲ್ ಎಂದರೆ ಸಾದಾ ಪೆಟ್ರೋಲಿಗಿಂತ ಹೆಚ್ಚಿನ ಆಕ್ಟೇನ್ ಸಂಖ್ಯೆಯುಳ್ಳ, ಇಲ್ಲವೆ ಎಂಜಿನ್ನಿನ ಒಳಭಾಗವನ್ನು ಚೊಕ್ಕಟವಾಗಿಡುವ ರಾಸಾಯನಿಕಗಳನ್ನು ಬೆರೆಸಿದ, ಇಲ್ಲವೆ ಈ ಎರಡೂ ಗುಣಗಳನ್ನು ಪಡೆದು ಹೆಚ್ಚಿನ ಬೆಲೆಗೆ ಮಾರಾಟವಾಗುವ ಪೆಟ್ರೋಲ್. ಇದರಿಂದ ಕಾರಿನ ಮೈಲೇಜ್ ಮತ್ತು ಎಳೆತದ ಶಕ್ತಿ ಹೆಚ್ಚುತ್ತದೆಯೇ ಎಂಬುದು ಇಂಧನಕ್ಕಿಂತ ಹೆಚ್ಚಾಗಿ ಎಂಜಿನ್ನಿನ ವಿನ್ಯಾಸವನ್ನು ಅವಲಂಬಿಸಿದೆ. ಹೆಚ್ಚಿನ ಆಕ್ಟೇನನ್ನು ಬಳಸಿಕೊಳ್ಳುವಂತೆ ರೂಪಿಸಿದ ಎಂಜಿನ್ನಿನಲ್ಲಿ ಅಳೆಯಬಹುದಾದ ಪ್ರಯೋಜನವಿದೆ. ಸಾದಾ ಪೆಟ್ರೋಲಿಗೆಂದೇ ರೂಪಿಸಿದ ಎಂಜಿನ್ನಿನಲ್ಲಿ ಆಕ್ಟೇನ್ ಹೆಚ್ಚಿಸಿದ ಮಾತ್ರಕ್ಕೆ ಪ್ರಯೋಜನವಿಲ್ಲ. ತಮಿಳುನಾಡಿನ ದಿಂಡಿಗಲ್ ಮತ್ತು ತೇನಿ ಜಿಲ್ಲೆಗಳ ಬಯಲಿನಿಂದ ಕೊಡೈಕಾನಲ್ಲಿಗೆ ಏರುವ ಘಾಟಿ ರಸ್ತೆಗಳಲ್ಲಿ ಬಿಸಿಲು, ಹೊರೆ, ಏರು ಮತ್ತು ಎತ್ತರ ಒಂದೇ ಪ್ರಯಾಣದಲ್ಲಿ ಕೂಡಿಬರುವುದರಿಂದ ಈ ವಿಷಯವನ್ನು ವಿವರಿಸಲು ಅವು ತಕ್ಕ ಉದಾಹರಣೆ.

ಹೆಸರು ಮತ್ತು ಪರಿಭಾಷೆ

ಬಂಕ್‌ಗಳಲ್ಲಿ ಇದಕ್ಕೆ ‘ಪವರ್’, ‘ಸ್ಪೀಡ್’, ‘ಎಕ್ಸ್‌ಪಿ’ ಎಂದು ಆಯಾ ಕಂಪನಿಯ ಮಾರಾಟದ ಹೆಸರೇ ರೂಢಿಯಲ್ಲಿದೆ. ಉಳಿದದ್ದು ‘ಸಾದಾ’ ಅಥವಾ ‘ನಾರ್ಮಲ್’. ತೆರಿಗೆಯ ಭಾಷೆಯಲ್ಲಿ ಇವು ಕ್ರಮವಾಗಿ ಬ್ರಾಂಡೆಡ್ ಮತ್ತು ಅನ್‌ಬ್ರಾಂಡೆಡ್ ಪೆಟ್ರೋಲ್.

ಆಕ್ಟೇನ್ ಸಂಖ್ಯೆ: ಒತ್ತಡಕ್ಕೂ ಬಿಸಿಗೂ ಸಿಕ್ಕಿದ ಪೆಟ್ರೋಲ್ ತಾನಾಗಿಯೇ ಹೊತ್ತಿಕೊಳ್ಳದೆ ತಡೆದುಕೊಳ್ಳುವ ಗುಣದ ಅಳತೆ. ಇದು ಇಂಧನದಲ್ಲಿರುವ ಶಕ್ತಿಯ ಅಳತೆಯಲ್ಲ.

ಆರ್‌ಒಎನ್ ಮತ್ತು ಎಂಒಎನ್: ಆಕ್ಟೇನ್ ಸಂಖ್ಯೆಯನ್ನು ಅಳೆಯುವ ಎರಡು ವಿಧಾನಗಳು. ಮೊದಲನೆಯದರಲ್ಲಿ ಪರೀಕ್ಷಾ ಎಂಜಿನ್ ನಿಮಿಷಕ್ಕೆ 600 ಸುತ್ತು ತಿರುಗುತ್ತದೆ. ಎರಡನೆಯದರಲ್ಲಿ 900 ಸುತ್ತು, ಜೊತೆಗೆ ಒಳಹೋಗುವ ಮಿಶ್ರಣವೂ ಹೆಚ್ಚು ಬಿಸಿಯಾಗಿರುತ್ತದೆ. ಭಾರತದಲ್ಲಿ ಬಂಕ್‌ನ ಫಲಕದ ಮೇಲೆ ಕಾಣುವುದು ಆರ್‌ಒಎನ್. ಅಮೆರಿಕದ ಪಂಪುಗಳ ಮೇಲೆ ಇವೆರಡರ ಸರಾಸರಿಯನ್ನು ಬರೆಯುತ್ತಾರೆ. ಹೀಗಾಗಿ ಅಲ್ಲಿನ 87 ಇಲ್ಲಿನ ಸುಮಾರು 91–92ಕ್ಕೆ ಸಮ. ಅಮೆರಿಕದಲ್ಲಿ ನೆಲೆಸಿದವರು ಅಲ್ಲಿನ ಅಂಕಿಯನ್ನು ಇಲ್ಲಿನದರೊಂದಿಗೆ ನೇರವಾಗಿ ಹೋಲಿಸಿದರೆ ತಪ್ಪು ತಿಳಿವಳಿಕೆಗೆ ದಾರಿಯಾಗುತ್ತದೆ.

ಸಂಪೀಡನ ಅನುಪಾತ: ಪಿಸ್ಟನ್ ಕೆಳತುದಿಯಲ್ಲಿದ್ದಾಗ ಸಿಲಿಂಡರಿನಲ್ಲಿರುವ ಜಾಗಕ್ಕೂ ಮೇಲ್ತುದಿಗೆ ಬಂದಾಗ ಉಳಿಯುವ ಜಾಗಕ್ಕೂ ಇರುವ ಅನುಪಾತ. ಗ್ಯಾರೇಜುಗಳಲ್ಲಿ ಇದನ್ನು ಕಂಪ್ರೆಷನ್ ರೇಷಿಯೊ ಎನ್ನುತ್ತಾರೆ.

ಇಂಧನ ಕ್ಷಮತೆ: ಒಂದು ಲೀಟರ್ ಇಂಧನದಲ್ಲಿ ವಾಹನ ಕ್ರಮಿಸುವ ದೂರ. ರೂಢಿಯ ಮಾತಿನಲ್ಲಿ ಮೈಲೇಜ್.

ಉಗಮ ಮತ್ತು ಬೆಳವಣಿಗೆ

ಇಪ್ಪತ್ತನೆಯ ಶತಮಾನದ ಆರಂಭದ ಎಂಜಿನ್‌ಗಳಲ್ಲಿ ಸಂಪೀಡನ ಹೆಚ್ಚಿಸಲು ಹೊರಟ ತಂತ್ರಜ್ಞರಿಗೆ ಅಡ್ಡಬಂದದ್ದು ನಾಕಿಂಗ್, ಅಂದರೆ ಸಿಲಿಂಡರಿನೊಳಗಿನ ಬಡಿತ. ಇಂಗ್ಲೆಂಡಿನ ಹ್ಯಾರಿ ರಿಕಾರ್ಡೊ ಇದರ ಬಗ್ಗೆ ಮೊದಲ ಹಂತದ ಮುಖ್ಯ ಸಂಶೋಧನೆ ನಡೆಸಿದ. 1921ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಪ್ರಯೋಗಾಲಯದಲ್ಲಿ ಥಾಮಸ್ ಮಿಡ್‌ಗ್ಲೆ, ಟೆಟ್ರಾಈಥೈಲ್ ಲೆಡ್ ಎಂಬ ಸೀಸದ ಸಂಯುಕ್ತ ನಾಕಿಂಗನ್ನು ತಡೆಯುತ್ತದೆಂದು ಕಂಡುಕೊಂಡ. 1923ರಲ್ಲಿ ಸೀಸ ಬೆರೆತ ಪೆಟ್ರೋಲ್ ಮಾರಾಟಕ್ಕೆ ಬಂತು.

ಇಂಧನಗಳನ್ನು ಹೋಲಿಸಲು ಸಮಾನ ಅಳತೆಗೋಲನ್ನು 1926ರಲ್ಲಿ ಗ್ರಹಾಂ ಎಡ್ಗರ್ ಸೂಚಿಸಿದ. ಬಡಿತಕ್ಕೆ ಬಲವಾಗಿ ತಡೆಯೊಡ್ಡುವ ಐಸೊಆಕ್ಟೇನಿಗೆ 100, ಬಹುಬೇಗ ಬಡಿಯುವ ನಾರ್ಮಲ್ ಹೆಪ್ಟೇನಿಗೆ 0 ಎಂದು ಅಂಕ ಕೊಡಲಾಯಿತು. ನೂರು ಭಾಗದಲ್ಲಿ 91 ಭಾಗ ಐಸೊಆಕ್ಟೇನ್, 9 ಭಾಗ ಹೆಪ್ಟೇನ್ ಇರುವ ಮಿಶ್ರಣ ಎಷ್ಟು ತಡೆಯುತ್ತದೋ ಅಷ್ಟೇ ತಡೆಯುವ ಪೆಟ್ರೋಲ್ 91 ಆಕ್ಟೇನಿನದು. ಈ ಅಳತೆಗೆ ಬಳಸುವ, ಸಂಪೀಡನ ಅನುಪಾತವನ್ನು ಬದಲಾಯಿಸಬಹುದಾದ ಒಂಟಿ ಸಿಲಿಂಡರಿನ ಸಿಎಫ್‌ಆರ್ ಎಂಜಿನ್ 1920ರ ದಶಕದ ಕೊನೆಯಲ್ಲಿ ರೂಪುಗೊಂಡಿತು. ಅದೇ ಮಾದರಿ ಇಂದಿಗೂ ಬಳಕೆಯಲ್ಲಿದೆ.

ಸೀಸ ನರಮಂಡಲಕ್ಕೆ, ಅದರಲ್ಲೂ ಮಕ್ಕಳ ಮೆದುಳಿಗೆ ಹಾನಿಕರ. ಹೊಗೆಯನ್ನು ಶುದ್ಧಗೊಳಿಸುವ ಕೆಟಲಿಟಿಕ್ ಕನ್ವರ್ಟರನ್ನೂ ಅದು ಕೆಡಿಸುತ್ತದೆ. ಭಾರತದಲ್ಲಿ ಸೀಸರಹಿತ ಪೆಟ್ರೋಲ್ 1995ರ ಏಪ್ರಿಲ್ 1ರಂದು ದೆಹಲಿ, ಮುಂಬೈ, ಕೋಲ್ಕತ್ತ ಮತ್ತು ಚೆನ್ನೈಗಳಲ್ಲಿ ಬಂತು. 2000ದ ಫೆಬ್ರುವರಿಯಿಂದ ದೇಶದ ಎಲ್ಲೆಡೆ ಅದೇ ಕಡ್ಡಾಯವಾಯಿತು. ಜಗತ್ತಿನಲ್ಲಿ ವಾಹನಗಳಿಗೆ ಸೀಸದ ಪೆಟ್ರೋಲ್ ಮಾರುತ್ತಿದ್ದ ಕೊನೆಯ ದೇಶ ಅಲ್ಜೀರಿಯ 2021ರಲ್ಲಿ ಅದನ್ನು ನಿಲ್ಲಿಸಿತು.

2002ರ ಸುಮಾರಿಗೆ ಭಾರತದ ಸರ್ಕಾರಿ ತೈಲ ಕಂಪನಿಗಳು ಬ್ರಾಂಡೆಡ್ ಪೆಟ್ರೋಲನ್ನು ಮಾರುಕಟ್ಟೆಗೆ ತಂದವು. ಭಾರತ್ ಪೆಟ್ರೋಲಿಯಂನ ‘ಸ್ಪೀಡ್’, ಹಿಂದೂಸ್ತಾನ್ ಪೆಟ್ರೋಲಿಯಂನ ‘ಪವರ್’, ಇಂಡಿಯನ್ ಆಯಿಲ್‌ನ ‘ಎಕ್ಸ್‌ಟ್ರಾಪ್ರೀಮಿಯಂ’ ಈ ಸಾಲಿನವು. ಆರಂಭದಲ್ಲಿ ಇವುಗಳ ವಿಶೇಷ ಆಕ್ಟೇನ್‌ಗಿಂತ ಶುದ್ಧಕಾರಕಗಳಲ್ಲಿತ್ತು. 2017ರಲ್ಲಿ ಹಿಂದೂಸ್ತಾನ್ ಪೆಟ್ರೋಲಿಯಂ 99 ಆಕ್ಟೇನಿನ ಪೆಟ್ರೋಲನ್ನು ಬೆಂಗಳೂರಿನಲ್ಲಿ ಬಿಡುಗಡೆ ಮಾಡಿತು. 2020ರ ಡಿಸೆಂಬರ್ 1ರಂದು ಇಂಡಿಯನ್ ಆಯಿಲ್, ಮಥುರಾ ಸಂಸ್ಕರಣಾಗಾರದಲ್ಲಿ ತಯಾರಿಸಿದ 100 ಆಕ್ಟೇನಿನ ‘ಎಕ್ಸ್‌ಪಿ100’ ಅನ್ನು ಹತ್ತು ನಗರಗಳಲ್ಲಿ ಮಾರಾಟಕ್ಕಿಟ್ಟಿತು.

ತಯಾರಿ ಮತ್ತು ಘಟಕಗಳು

ಬಂಕಿಗೆ ಬರುವ ಪೆಟ್ರೋಲ್ ಒಂದೇ ವಸ್ತುವಲ್ಲ. ಸಂಸ್ಕರಣಾಗಾರದ ಬೇರೆ ಬೇರೆ ಘಟಕಗಳಿಂದ ಬಂದ ದ್ರವಗಳ ಹದವಾದ ಮಿಶ್ರಣ. ಕಚ್ಚಾತೈಲದಿಂದ ನೇರವಾಗಿ ಬಟ್ಟಿ ಇಳಿಸಿದ ನಾಫ್ತಾದ ಆಕ್ಟೇನ್ ತೀರಾ ಕಡಿಮೆ. ಅದರ ಅಣುಗಳ ರಚನೆಯನ್ನು ಮಾರ್ಪಡಿಸಿ ರಿಫಾರ್ಮೇಟ್, ಐಸೊಮರೇಟ್ ಮುಂತಾದ ಹೆಚ್ಚಿನ ಆಕ್ಟೇನಿನ ಘಟಕಗಳನ್ನು ಪಡೆಯುತ್ತಾರೆ. ಆಕ್ಟೇನ್ ಏರಿಸಿದಷ್ಟೂ ಇಂತಹ ದುಬಾರಿ ಘಟಕಗಳ ಪಾಲು ಹೆಚ್ಚುತ್ತದೆ. ಪ್ರೀಮಿಯಂ ಪೆಟ್ರೋಲಿನ ಬೆಲೆ ಹೆಚ್ಚಾಗಲು ಇದೊಂದು ಕಾರಣ. ಬ್ರಾಂಡೆಡ್ ಪೆಟ್ರೋಲಿನ ಮೇಲಿನ ಹೆಚ್ಚಿನ ಅಬಕಾರಿ ಸುಂಕ ಇನ್ನೊಂದು.

ಎಥನಾಲ್ ಕೂಡ ಆಕ್ಟೇನ್ ಏರಿಸುವ ಘಟಕವೇ. ಅದರ ಆರ್‌ಒಎನ್ ಸುಮಾರು 108. ಆದರೆ ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿಯಿದ್ದರೆ ಎಥನಾಲಿನಲ್ಲಿರುವುದು ಸುಮಾರು 21 ಮೆಗಾಜೂಲ್ ಮಾತ್ರ. ಆಕ್ಟೇನ್ ಹೆಚ್ಚಿದ್ದರೆ ಶಕ್ತಿಯೂ ಹೆಚ್ಚಿರಬೇಕೆಂಬ ನಂಬಿಕೆ ತಪ್ಪೆನ್ನಲು ಈ ಒಂದು ಉದಾಹರಣೆ ಸಾಕು.

ಬೆರೆಸುವ ರಾಸಾಯನಿಕಗಳಲ್ಲಿ ಮುಖ್ಯವಾದವು ಶುದ್ಧಕಾರಕಗಳು. ಪಾಲಿಈಥರ್ ಅಮೀನ್ ಮತ್ತು ಪಾಲಿಐಸೊಬ್ಯುಟಿಲೀನ್ ಅಮೀನ್ ಈ ಗುಂಪಿನವು. ಇಂಜೆಕ್ಟರಿನ ಬಾಯಿ ಮತ್ತು ಒಳಹರಿವಿನ ವಾಲ್ವುಗಳ ಮೇಲೆ ಕೂರುವ ಜಿಗುಟು ಮಸಿಯನ್ನು ಇವು ಕರಗಿಸುತ್ತವೆ. ಇವಲ್ಲದೆ ತುಕ್ಕುನಿರೋಧಕಗಳನ್ನೂ, ಕೆಲವು ಬ್ರಾಂಡುಗಳಲ್ಲಿ ಘರ್ಷಣೆ ತಗ್ಗಿಸುವ ಪದಾರ್ಥಗಳನ್ನೂ ಸೇರಿಸುತ್ತಾರೆ.

ಎಂಜಿನ್ನಿನಲ್ಲಿ ಕೆಲಸ ಮಾಡುವ ಬಗೆ

ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿ ಮತ್ತು ಇಂಧನದ ಮಿಶ್ರಣವನ್ನು ಪಿಸ್ಟನ್ ಒತ್ತಿದ ಮೇಲೆ ಸ್ಪಾರ್ಕ್ ಪ್ಲಗ್ ಕಿಡಿ ಹಾರಿಸುತ್ತದೆ. ಉರಿಯ ಅಂಚು ಪ್ಲಗ್ಗಿನಿಂದ ಹೊರಟು ಸಿಲಿಂಡರಿನ ಗೋಡೆಯ ಕಡೆಗೆ ಹಬ್ಬುತ್ತದೆ. ಅದು ತಲುಪುವ ಮೊದಲೇ ಮೂಲೆಯಲ್ಲಿ ಉಳಿದ ಮಿಶ್ರಣ ಬಿಸಿ ಮತ್ತು ಒತ್ತಡ ತಾಳಲಾರದೆ ಒಮ್ಮೆಲೇ ಹೊತ್ತಿಕೊಂಡರೆ ಒತ್ತಡದ ಅಲೆಗಳು ಎದ್ದು ಲೋಹಕ್ಕೆ ಬಡಿಯುತ್ತವೆ. ಹೊರಗೆ ಇದು ಡಬ್ಬಿಯಲ್ಲಿ ಕಲ್ಲಿನ ಹರಳು ಅಲುಗಾಡಿಸಿದಂತೆ ಕೇಳುತ್ತದೆ. ಇದೇ ನಾಕಿಂಗ್. ಹೆಚ್ಚು ಹೊತ್ತು ಮುಂದುವರಿದರೆ ಪಿಸ್ಟನ್ನಿನ ತಲೆ, ಉಂಗುರಗಳು ಮತ್ತು ಗ್ಯಾಸ್ಕೆಟ್ ಹಾಳಾಗುತ್ತವೆ.

ಎಂಜಿನ್ ಬಿಸಿಯಾಗಿದ್ದಾಗ, ಹೊರಗಿನ ಗಾಳಿ ಕಾದಿದ್ದಾಗ, ಹೊರೆ ಹೆಚ್ಚಿದ್ದು ಎಂಜಿನ್ನಿನ ಸುತ್ತು ಕಡಿಮೆ ಇದ್ದಾಗ ನಾಕಿಂಗ್ ಹೆಚ್ಚು. ಆಧುನಿಕ ಕಾರುಗಳಲ್ಲಿ ಎಂಜಿನ್ ಬ್ಲಾಕಿಗೆ ಬಿಗಿದ ನಾಕ್ ಸೆನ್ಸರ್ ಈ ಬಡಿತವನ್ನು ಗುರುತಿಸಿ, ಇಸಿಯು ಎಂಬ ಎಲೆಕ್ಟ್ರಾನಿಕ್ ನಿಯಂತ್ರಣ ಘಟಕಕ್ಕೆ ತಿಳಿಸುತ್ತದೆ. ಇಸಿಯು ಕಿಡಿ ಹಾರುವ ಕ್ಷಣವನ್ನು ಕೆಲವು ಡಿಗ್ರಿ ತಡಮಾಡುತ್ತದೆ. ಎಂಜಿನ್ ಸುರಕ್ಷಿತವಾಗಿ ಉಳಿಯುತ್ತದೆ; ಬದಲಿಗೆ ಸ್ವಲ್ಪ ಶಕ್ತಿ ಮತ್ತು ಸ್ವಲ್ಪ ಮೈಲೇಜ್ ಕೈತಪ್ಪುತ್ತವೆ. ಹೆಚ್ಚಿನ ಆಕ್ಟೇನ್ ಮಾಡುವ ಕೆಲಸ ಹೀಗೆ ಕೈತಪ್ಪಲಿದ್ದುದನ್ನು ಉಳಿಸಿಕೊಡುವುದು. ಕಿಡಿಯನ್ನು ತಡಮಾಡುವ ಪ್ರಸಂಗವೇ ಬಾರದ ಎಂಜಿನ್ನಿನಲ್ಲಿ ಉಳಿಸಿಕೊಡಲು ಏನೂ ಇರುವುದಿಲ್ಲ.

ಬಗೆಗಳು

ಆಕ್ಟೇನ್ ಆಧಾರದ ಮೇಲೆ: ಬಿಎಸ್-6 (ಭಾರತ್ ಸ್ಟೇಜ್-6) ಮಾನದಂಡದ ಪ್ರಕಾರ ಸಾದಾ ಪೆಟ್ರೋಲಿನ ಕನಿಷ್ಠ ಆರ್‌ಒಎನ್ 91, ಪ್ರೀಮಿಯಂ ದರ್ಜೆಯದು 95. ಇವುಗಳ ಮೇಲೆ 97ರಿಂದ 100ರವರೆಗಿನ ಅತಿ ಆಕ್ಟೇನ್ ದರ್ಜೆಗಳಿವೆ. ಇವು ಮುಖ್ಯವಾಗಿ ದೊಡ್ಡ ನಗರಗಳ ಆಯ್ದ ಬಂಕ್‌ಗಳಲ್ಲಿ ಸಿಗುತ್ತವೆ.

ಶುದ್ಧಕಾರಕದ ಆಧಾರದ ಮೇಲೆ: ಆಕ್ಟೇನ್ ಸಾದಾ ಮಟ್ಟದಲ್ಲೇ ಇದ್ದು ರಾಸಾಯನಿಕಗಳನ್ನು ಮಾತ್ರ ಸೇರಿಸಿದ ಪೆಟ್ರೋಲ್ ಒಂದು ಬಗೆ, ಆಕ್ಟೇನ್ ಮತ್ತು ರಾಸಾಯನಿಕ ಎರಡೂ ಹೆಚ್ಚಿರುವುದು ಇನ್ನೊಂದು. ಗ್ರಾಹಕರ ಮಾತಿನಲ್ಲಿ ಎರಡೂ ‘ಪವರ್ ಪೆಟ್ರೋಲ್’ ಆಗಿಬಿಡುವುದರಿಂದ ಪಂಪಿನ ಮೇಲಿನ ಆಕ್ಟೇನ್ ಅಂಕಿಯನ್ನು ನೋಡುವುದು ಅಗತ್ಯ.

ಎಂಜಿನ್ನಿನ ಅಗತ್ಯದ ಆಧಾರದ ಮೇಲೆ: ವಾಹನಗಳನ್ನು ಮೂರು ಗುಂಪಾಗಿ ವಿಂಗಡಿಸಬಹುದು. ಮೊದಲನೆಯದು 91 ಆಕ್ಟೇನ್ ಸಾಕೆನ್ನುವ ವಾಹನಗಳು. ಭಾರತದಲ್ಲಿ ಹೆಚ್ಚು ಮಾರಾಟವಾಗುವ ಸಣ್ಣ ಕಾರುಗಳು, ಬೈಕು, ಸ್ಕೂಟರುಗಳು ಇದರಲ್ಲಿ ಬರುತ್ತವೆ. ಎರಡನೆಯದು 95 ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ ಎನ್ನುವ ವಾಹನಗಳು. ಕೆಲವು ಟರ್ಬೊ ಕಾರುಗಳು ಈ ಗುಂಪಿನವು. ಮೂರನೆಯದು 95 ಅಥವಾ 98 ಕಡ್ಡಾಯವೆನ್ನುವ ವಾಹನಗಳು. ಆಮದಾದ ಐಷಾರಾಮಿ ಕಾರುಗಳು, ಓಟದ ಬೈಕುಗಳು ಇಲ್ಲಿ ಸೇರುತ್ತವೆ. ಯಾವ ವಾಹನ ಯಾವ ಗುಂಪಿಗೆ ಸೇರಿದ್ದೆಂಬುದನ್ನು ವಾಹನದ ಕೈಪಿಡಿ ಹೇಳುತ್ತದೆ. ಹಲವು ಕಾರುಗಳಲ್ಲಿ ಟ್ಯಾಂಕಿನ ಮುಚ್ಚಳದ ಒಳಬದಿಯ ಚೀಟಿಯಲ್ಲೂ ಬರೆದಿರುತ್ತದೆ.

ಸಾಮರ್ಥ್ಯದ ಮೇಲಿನ ಪರಿಣಾಮ

ಸಂಪೀಡನ ಹೆಚ್ಚಿದಷ್ಟೂ ಅದೇ ಇಂಧನದಿಂದ ಹೆಚ್ಚು ಕೆಲಸ ಸಿಗುತ್ತದೆ. ಅನುಪಾತ ಒಂದು ಅಂಕ ಏರಿದರೆ ದಕ್ಷತೆಯಲ್ಲಿ ಆಗುವ ಏರಿಕೆ ಸುಮಾರು ಶೇ 2ರ ಆಸುಪಾಸು. ಟರ್ಬೊ ಅಳವಡಿಸಿದ ಎಂಜಿನ್ನಿನಲ್ಲಿ ಗಾಳಿಯನ್ನು ಮೊದಲೇ ಒತ್ತಿ ತುಂಬುವುದರಿಂದ ಬಡಿತದ ಸಂಭವ ಹೆಚ್ಚು. ಈ ಎರಡೂ ಬಗೆಯ ಎಂಜಿನ್‌ಗಳು ಪೂರ್ಣ ಶಕ್ತಿಯಲ್ಲಿ ಓಡುವಾಗ ಹೆಚ್ಚಿನ ಆಕ್ಟೇನ್ ಕೆಲಸಕ್ಕೆ ಬರುತ್ತದೆ. ಆದರೆ ಅನುಪಾತವೊಂದನ್ನೇ ನೋಡಿ ತೀರ್ಮಾನಿಸಲಾಗದು: ಆಟ್ಕಿನ್ಸನ್ ಚಕ್ರದ ಹೈಬ್ರಿಡ್ ಎಂಜಿನ್‌ಗಳಲ್ಲಿ 13:1ರಷ್ಟು ಅನುಪಾತವಿದ್ದರೂ ವಾಲ್ವು ತಡವಾಗಿ ಮುಚ್ಚುವುದರಿಂದ ನಿಜವಾದ ಒತ್ತಡ ಅದಕ್ಕಿಂತ ಕಡಿಮೆ ಇರುತ್ತದೆ, ಮತ್ತು ಸಾದಾ ಪೆಟ್ರೋಲ್ ಸಾಕಾಗುತ್ತದೆ.

ಅಮೆರಿಕದ ವಾಹನ ಸವಾರರ ಸಂಸ್ಥೆ ಎಎಎ 2016ರಲ್ಲಿ ನಡೆಸಿದ ಪರೀಕ್ಷೆಯಲ್ಲಿ, ಸಾದಾ ಪೆಟ್ರೋಲಿಗೆ ರೂಪಿಸಿದ ಕಾರುಗಳಿಗೆ ಪ್ರೀಮಿಯಂ ಹಾಕಿದಾಗ ಶಕ್ತಿ, ಮೈಲೇಜ್, ಹೊಗೆ ಮೂರರಲ್ಲೂ ಗಣನೀಯ ಲಾಭ ಕಾಣಲಿಲ್ಲ. 2017ರಲ್ಲಿ ಅದೇ ಸಂಸ್ಥೆ, ಪ್ರೀಮಿಯಂ ಕಡ್ಡಾಯವಲ್ಲದಿದ್ದರೂ ಒಳ್ಳೆಯದೆಂದು ತಯಾರಕರು ಹೇಳಿರುವ ಕಾರುಗಳನ್ನು ಪರೀಕ್ಷಿಸಿತು. ಅವುಗಳಲ್ಲಿ ಸರಾಸರಿ ಶಕ್ತಿ ಶೇ 1.4, ಮೈಲೇಜ್ ಶೇ 2.7 ಹೆಚ್ಚಿತು.

ಇಂಧನ ಕ್ಷಮತೆಯ ಮೇಲಿನ ಪರಿಣಾಮ

ಪ್ರೀಮಿಯಂ ಪೆಟ್ರೋಲಿನಿಂದ ಮೈಲೇಜ್ ಹೆಚ್ಚಲು ಎರಡು ದಾರಿಗಳಿವೆ. ಒಂದು, ಮೇಲೆ ವಿವರಿಸಿದಂತೆ ಕಿಡಿಯನ್ನು ತಡಮಾಡುವ ಅಗತ್ಯ ತಪ್ಪುವುದು. ಇದು ತಕ್ಷಣದ ಪರಿಣಾಮ. ಸಾದಾ ಪೆಟ್ರೋಲಿಗೆ ಮರಳಿದರೆ ಇಲ್ಲವಾಗುತ್ತದೆ. ಇನ್ನೊಂದು, ಶುದ್ಧಕಾರಕಗಳಿಂದ ಮಸಿ ಕರಗಿ ಇಂಧನದ ಸಿಂಪಡಣೆ ಮತ್ತೆ ಸಮವಾಗುವುದು. ಇದು ನಿಧಾನದ ಪರಿಣಾಮ. ಮಸಿ ಕಟ್ಟಿದ ಹಳೆಯ ಎಂಜಿನ್ನಿನಲ್ಲಿ ಕಳೆದುಹೋದ ಮೈಲೇಜ್ ಸ್ವಲ್ಪ ಮಟ್ಟಿಗೆ ಮರಳಬಹುದು. ಹೊಸದರಂತೆ ಚೊಕ್ಕಟವಾಗಿರುವ ಎಂಜಿನ್ನಿನಲ್ಲಿ ವ್ಯತ್ಯಾಸ ಕಾಣದು. ಸಿಲಿಂಡರಿನೊಳಕ್ಕೇ ನೇರವಾಗಿ ಇಂಧನ ಸಿಂಪಡಿಸುವ ಎಂಜಿನ್‌ಗಳಲ್ಲಿ ಪೆಟ್ರೋಲ್ ಒಳಹರಿವಿನ ವಾಲ್ವನ್ನು ಮುಟ್ಟುವುದೇ ಇಲ್ಲವಾದ್ದರಿಂದ ಅಲ್ಲಿನ ಮಸಿಯನ್ನು ಯಾವ ಪೆಟ್ರೋಲೂ ತೊಳೆಯಲಾರದು.

ಎಥನಾಲಿನ ಪ್ರಭಾವ ಇದಕ್ಕೆ ವಿರುದ್ಧ ದಿಕ್ಕಿನದು. ನೀತಿ ಆಯೋಗ 2021ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ಪ್ರಕಾರ, ಶುದ್ಧ ಪೆಟ್ರೋಲಿಗೆ ರೂಪಿಸಿ ಶೇ 10ರ ಮಿಶ್ರಣಕ್ಕೆ ಹೊಂದಿಸಿದ ಕಾರುಗಳಲ್ಲಿ ಶೇ 20ರ ಮಿಶ್ರಣ ಬಳಸಿದಾಗ ಇಂಧನ ಕ್ಷಮತೆ ಶೇ 6ರಿಂದ 7ರಷ್ಟು, ಅಂತಹ ದ್ವಿಚಕ್ರ ವಾಹನಗಳಲ್ಲಿ ಶೇ 3ರಿಂದ 4ರಷ್ಟು ಇಳಿಯುತ್ತದೆ. ಶೇ 10ರ ಮಿಶ್ರಣಕ್ಕೆ ರೂಪಿಸಿ ಶೇ 20ಕ್ಕೆ ಹೊಂದಿಸಿದ ಕಾರುಗಳಲ್ಲಿ ಇಳಿಕೆ ಶೇ 1ರಿಂದ 2. ಪ್ರೀಮಿಯಂ ದರ್ಜೆಯಲ್ಲೂ ಎಥನಾಲ್ ಬೆರೆತಿದ್ದರೆ ಆಕ್ಟೇನಿನಿಂದ ಬಂದ ಅಲ್ಪ ಲಾಭವನ್ನು ಶಕ್ತಿಯ ಕೊರತೆ ನುಂಗಿಹಾಕಬಹುದು.

ಎತ್ತರ ಮತ್ತು ಘಾಟಿ ರಸ್ತೆ: ಕೊಡೈಕಾನಲ್

ಕೊಡೈಕಾನಲ್ ಪಳನಿ ಬೆಟ್ಟಗಳಲ್ಲಿ ಸಮುದ್ರಮಟ್ಟದಿಂದ ಸುಮಾರು 2,100 ಮೀಟರ್ ಎತ್ತರದಲ್ಲಿದೆ. ಬೆಂಗಳೂರಿನಿಂದ ಹೋಗುವವರು ಸೇಲಂ, ದಿಂಡಿಗಲ್ ದಾಟಿ ವತ್ತಲಗುಂಡಿನ ಕಡೆಯಿಂದ ಲಾಸ್ ಘಾಟ್ ರಸ್ತೆಯನ್ನು ಹತ್ತುತ್ತಾರೆ. ತೇನಿ ಮತ್ತು ಕನ್ನಡ ಮನೆಮಾತಿನ ಒಕ್ಕಲಿಗ ಕುಟುಂಬಗಳು ನೆಲೆಸಿರುವ ಕಂಬಂ ಕಣಿವೆಯ ಕಡೆಯವರು ಪೆರಿಯಕುಳಂ ದಾಟಿ ಅದೇ ರಸ್ತೆಯನ್ನು ಸೇರುತ್ತಾರೆ. ಪಳನಿಯಿಂದ ಇನ್ನೊಂದು ಘಾಟಿಯಿದೆ. ಬುಡದ ಬಯಲು 300 ಮೀಟರಿನ ಆಸುಪಾಸಿನಲ್ಲಿದೆ. ಅಂದರೆ 50 ಕಿ.ಮೀ.ಗೆ ತುಸು ಮೀರಿದ ದೂರದಲ್ಲಿ ವಾಹನ ಸುಮಾರು 1,800 ಮೀಟರ್ ಮೇಲೇರುತ್ತದೆ.

ಬುಡದಲ್ಲಿ: ಬೇಸಿಗೆಯ ನಡುಹಗಲು ದಿಂಡಿಗಲ್ ಬಯಲಿನ ಗಾಳಿ ಕಾದಿರುತ್ತದೆ, ಒತ್ತಡವೂ ಹೆಚ್ಚುಕಡಿಮೆ ಪೂರ್ಣ ಪ್ರಮಾಣದಲ್ಲಿರುತ್ತದೆ. ಐದು ಜನ ಮತ್ತು ಸಾಮಾನು ತುಂಬಿದ ಕಾರು ಮೊದಲ ಹೇರ್‌ಪಿನ್ ತಿರುವಿಗೆ ಬರುತ್ತದೆ. ಚಾಲಕ ಗೇರ್ ಇಳಿಸದೆ ಮೂರನೆಯದರಲ್ಲೇ ಎಕ್ಸಲರೇಟರ್ ಒತ್ತುತ್ತಾನೆ. ಎಂಜಿನ್ನಿನ ಸುತ್ತು 1,500ಕ್ಕಿಂತ ಕೆಳಗಿಳಿದು ಕಾರು ಮುಗ್ಗರಿಸುತ್ತದೆ, ಬಾನೆಟ್ಟಿನ ಕೆಳಗಿನಿಂದ ಕಿಟಕಿಟ ಶಬ್ದ ಬರುತ್ತದೆ. ಬಡಿತಕ್ಕೆ ಬೇಕಾದ ಎಲ್ಲ ಕಾರಣಗಳೂ ಇಲ್ಲಿ ಕೂಡಿವೆ. ಹೆಚ್ಚಿನ ಆಕ್ಟೇನಿಗೆ ಕೆಲಸವಿರುವ ಸ್ಥಳ ಇದು. ಎರಡನೆಯ ಗೇರಿಗೆ ಇಳಿಸಿದರೆ ಸುತ್ತು ಏರಿ, ಪ್ರತಿ ಹೊಡೆತದ ಹೊರೆ ಕಡಿಮೆಯಾಗಿ, ಸಾದಾ ಪೆಟ್ರೋಲಿನಲ್ಲೂ ಶಬ್ದ ನಿಲ್ಲುತ್ತದೆ.

ಮೇಲೆ: 2,100 ಮೀಟರಿನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು ಶೇ 77 ಮಾತ್ರ. ಟರ್ಬೊ ಇಲ್ಲದ ಎಂಜಿನ್ ಪ್ರತಿ 300 ಮೀಟರಿಗೆ ಸುಮಾರು ಶೇ 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಬಯಲಿನಲ್ಲಿ 90 ಅಶ್ವಶಕ್ತಿ ಕೊಡುವ ಎಂಜಿನ್ ಕೊಡೈಕಾನಲ್ ಕೆರೆಯ ಬಳಿ ಕೊಡುವುದು 70ರ ಆಸುಪಾಸು. ಸಿಲಿಂಡರಿನೊಳಗೆ ಬರುವ ಗಾಳಿಯೇ ಕಡಿಮೆಯಾದ್ದರಿಂದ ಒತ್ತಡವೂ ಕಡಿಮೆ, ಬಡಿತದ ಸಂಭವವೂ ಕಡಿಮೆ. ಎತ್ತರದೊಂದಿಗೆ ಎಂಜಿನ್ನಿಗೆ ಕೊರತೆಯಾಗುವುದು ಗಾಳಿ, ಆಕ್ಟೇನ್ ಅಲ್ಲ. ಮೇಲೆ ಕುಗ್ಗಿದ ಪಿಕಪ್ಪನ್ನು ಪ್ರೀಮಿಯಂ ಪೆಟ್ರೋಲ್ ಮರಳಿ ಕೊಡಲಾರದು. ಅಮೆರಿಕದ ರಾಕಿ ಪರ್ವತ ಪ್ರದೇಶದ ಕೊಲೊರಾಡೊ ಮುಂತಾದ ಕಡೆ ಇದೇ ಕಾರಣಕ್ಕೆ ಸಾದಾ ಪೆಟ್ರೋಲನ್ನು 87ರ ಬದಲು 85 ಅಂಕದಲ್ಲಿ ಮಾರುವ ರೂಢಿ ಬಂತು. ಆ ರೂಢಿ ಕಾರ್ಬ್ಯುರೇಟರ್ ಕಾಲದ್ದು; ಇಂದಿನ ಕಾರುಗಳಲ್ಲಿ ಕೈಪಿಡಿ ಹೇಳಿದ ಕನಿಷ್ಠ ಅಂಕಿಗಿಂತ ಕೆಳಗಿಳಿಯಬಾರದು. ಟರ್ಬೊ ಎಂಜಿನ್‌ಗಳು ತೆಳುಗಾಳಿಯನ್ನು ಒತ್ತಿ ತುಂಬಿಕೊಂಡು ಕೊರತೆಯನ್ನು ಬಹುಮಟ್ಟಿಗೆ ನೀಗಿಸುವುದರಿಂದ ಅವುಗಳಲ್ಲಿ ಆಕ್ಟೇನಿನ ಅಗತ್ಯ ಎತ್ತರದಲ್ಲೂ ಉಳಿಯುತ್ತದೆ.

ಹಳೆಯ ವಾಹನಗಳು: ಕಾರ್ಬ್ಯುರೇಟರ್ ಎಂಜಿನ್‌ಗಳಲ್ಲಿ ಎತ್ತರಕ್ಕೆ ಹೋದಂತೆ ಗಾಳಿ ತೆಳುವಾದರೂ ಪೆಟ್ರೋಲಿನ ಹರಿವು ಅದಕ್ಕೆ ತಕ್ಕಂತೆ ಇಳಿಯುತ್ತಿರಲಿಲ್ಲ. ಮಿಶ್ರಣ ಗಟ್ಟಿಯಾಗಿ ಕಪ್ಪು ಹೊಗೆ ಬರುತ್ತಿತ್ತು, ಮೈಲೇಜ್ ಇಳಿಯುತ್ತಿತ್ತು. ಏರಿನಲ್ಲಿ ಪಂಪು ಕಾದು ಪೆಟ್ರೋಲ್ ಕೊಳವೆಯಲ್ಲೇ ಆವಿಯಾಗಿ ಎಂಜಿನ್ ನಿಂತುಹೋಗುವ ‘ವೇಪರ್ ಲಾಕ್’ ಸಾಮಾನ್ಯವಾಗಿತ್ತು. ಅಂಬಾಸಿಡರ್ ಕಾರುಗಳ ಚಾಲಕರು ಪೆಟ್ರೋಲ್ ಪಂಪಿಗೆ ಒದ್ದೆ ಬಟ್ಟೆ ಸುತ್ತುತ್ತಿದ್ದುದು ಇದಕ್ಕೆ. ಈ ತೊಂದರೆಗಳಿಗೂ ಆಕ್ಟೇನಿಗೂ ಸಂಬಂಧವಿರಲಿಲ್ಲ. ಇಂದಿನ ಫ್ಯುಯೆಲ್ ಇಂಜೆಕ್ಷನ್ ವ್ಯವಸ್ಥೆ ಒತ್ತಡವನ್ನೂ ಹೊಗೆಯಲ್ಲಿನ ಆಮ್ಲಜನಕವನ್ನೂ ಅಳೆದು ಮಿಶ್ರಣವನ್ನು ತಾನೇ ಸರಿಪಡಿಸಿಕೊಳ್ಳುತ್ತದೆ.

ಏರಿನ ಲೆಕ್ಕ: ಜನರೂ ಸೇರಿ 1,400 ಕಿಲೋ ತೂಗುವ ಕಾರನ್ನು 1,800 ಮೀಟರ್ ಮೇಲೆತ್ತಲು ಸುಮಾರು 25 ಮೆಗಾಜೂಲ್ ಕೆಲಸ ಬೇಕು. ಪೆಟ್ರೋಲಿನ ಶಕ್ತಿಯಲ್ಲಿ ಸುಮಾರು ಶೇ 30 ಮಾತ್ರ ಚಕ್ರಕ್ಕೆ ಮುಟ್ಟುತ್ತದೆಂದು ಹಿಡಿದರೆ, ಮೇಲೆತ್ತುವುದಕ್ಕೇ ಎರಡೂವರೆ ಲೀಟರಿಗಿಂತ ಹೆಚ್ಚು ಖರ್ಚಾಗುತ್ತದೆ. ಸಮತಟ್ಟಿನಲ್ಲಿ ಲೀಟರಿಗೆ 18 ಕಿ.ಮೀ. ಕೊಡುವ ಕಾರಿಗೆ ಅದೇ 54 ಕಿ.ಮೀ. ದೂರಕ್ಕೆ ಬೇಕಾಗುವ 3 ಲೀಟರ್ ಸೇರಿಸಿದರೆ ಒಟ್ಟು ಸುಮಾರು ಐದೂವರೆ ಲೀಟರ್; ಹತ್ತುವಾಗಿನ ಮೈಲೇಜ್ 10ರ ಒಳಗೆ ಬರುತ್ತದೆ. ಪ್ರೀಮಿಯಂ ಪೆಟ್ರೋಲಿನಿಂದ ಶೇ 2ರ ಉಳಿತಾಯ ನಿಜವಾಗಿ ಸಿಕ್ಕರೂ ಈ ಏರಿನಲ್ಲಿ ಉಳಿಯುವುದು ಸುಮಾರು 110 ಮಿಲಿಲೀಟರ್. ಇಳಿಯುವಾಗ ಗೇರಿನಲ್ಲೇ ಇಟ್ಟು ಎಕ್ಸಲರೇಟರಿನಿಂದ ಕಾಲು ತೆಗೆದರೆ ಇಸಿಯು ಇಂಧನವನ್ನು ನಿಲ್ಲಿಸುತ್ತದೆ, ಎಂಜಿನ್ನೇ ಬ್ರೇಕಿನ ಕೆಲಸ ಮಾಡುತ್ತದೆ. ನ್ಯೂಟ್ರಲ್‌ನಲ್ಲಿ ಇಳಿಸಿದರೆ ಎಂಜಿನ್ ಐಡ್ಲಿಂಗ್‌ಗೆ ಪೆಟ್ರೋಲ್ ಸುಡುವುದಲ್ಲದೆ ಬ್ರೇಕು ಕಾದು ಅಪಾಯವೂ ಆಗುತ್ತದೆ.

ಬೋಡಿನಾಯಕ್ಕನೂರಿನಿಂದ ಬೋಡಿಮೆಟ್ಟಿಗೆ, ಕಂಬಂನಿಂದ ಕುಮಿಳಿಗೆ ಏರುವ ಘಾಟಿಗಳಿಗೂ, ಕರ್ನಾಟಕದ ಶಿರಾಡಿ, ಚಾರ್ಮಾಡಿ, ಆಗುಂಬೆ ಘಾಟಿಗಳಿಗೂ ಇದೇ ಲೆಕ್ಕ ಅನ್ವಯಿಸುತ್ತದೆ. ಅವುಗಳ ಎತ್ತರ ಕೊಡೈಕಾನಲ್‌ಗಿಂತ ಕಡಿಮೆಯಾದ್ದರಿಂದ ಶಕ್ತಿಯ ಇಳಿಕೆಯೂ ಕಡಿಮೆ.

ಅಳೆಯುವ ವಿಧಾನ

ಕಂಪನಿಗಳು ಪ್ರಕಟಿಸುವ ಮೈಲೇಜ್ ಪ್ರಯೋಗಾಲಯದ್ದು. ಉರುಳೆಗಳ ಮೇಲೆ ಕಾರನ್ನು ನಿಲ್ಲಿಸಿ, ನಿಗದಿತ ವೇಗದ ಕ್ರಮದಲ್ಲಿ, ನಿಗದಿತ ಇಂಧನದಲ್ಲಿ ಓಡಿಸಿ, ಹೊಗೆಯಲ್ಲಿರುವ ಇಂಗಾಲದಿಂದ ಲೆಕ್ಕ ಹಾಕುತ್ತಾರೆ. ಅದರಲ್ಲಿ ಘಾಟಿಯೂ ಇಲ್ಲ, ಎತ್ತರವೂ ಇಲ್ಲ.

ಬಳಕೆದಾರರ ವಿಧಾನ ‘ಫುಲ್ ಟ್ಯಾಂಕ್’ ಲೆಕ್ಕ. ನಳಿಕೆ ತಾನಾಗಿ ನಿಲ್ಲುವವರೆಗೆ ತುಂಬಿಸಿ, ಓಡಿಸಿ, ಮತ್ತೆ ಅಲ್ಲಿಯವರೆಗೆ ತುಂಬಿಸಿ, ಓಡಿದ ಕಿಲೋಮೀಟರನ್ನು ಹಿಡಿಸಿದ ಲೀಟರಿನಿಂದ ಭಾಗಿಸುವುದು. ನಳಿಕೆ ನಿಲ್ಲುವ ಜಾಗ ಪ್ರತಿಸಲವೂ ಒಂದೇ ಆಗಿರದು. ಅರ್ಧ ಲೀಟರಿನ ವ್ಯತ್ಯಾಸವಾದರೂ ಇಪ್ಪತ್ತು ಲೀಟರಿನ ಲೆಕ್ಕದಲ್ಲಿ ಶೇ 2.5 ಏರುಪೇರಾಗುತ್ತದೆ, ಹುಡುಕುತ್ತಿರುವ ಲಾಭವೂ ಅಷ್ಟೇ. ಆದ್ದರಿಂದ ಹೋಲಿಕೆ ಸರಿಯಾಗಬೇಕಾದರೆ ಒಂದೇ ಬಂಕ್, ಒಂದೇ ಪಂಪ್, ಒಂದೇ ದಾರಿ, ಹೋಗಿ ಬರುವ ಪೂರ್ಣ ಪ್ರಯಾಣ, ಒಂದೇ ಹೊರೆ, ಒಂದೇ ಟೈರ್ ಒತ್ತಡ ಇರಬೇಕು. ಪ್ರತಿ ಇಂಧನದಲ್ಲೂ ಹಲವು ಟ್ಯಾಂಕ್‌ಗಳ ಸರಾಸರಿ ತೆಗೆಯಬೇಕು. ಹತ್ತುವಾಗ ಒಂದು ಪೆಟ್ರೋಲ್, ಇಳಿಯುವಾಗ ಇನ್ನೊಂದು ಹಾಕಿ ಮಾಡಿದ ಹೋಲಿಕೆಗೆ ಅರ್ಥವಿಲ್ಲ.

ವೆಚ್ಚ ಮತ್ತು ಪ್ರಯೋಜನ

ಪ್ರೀಮಿಯಂ ಪೆಟ್ರೋಲ್ ಸಾದಾ ಪೆಟ್ರೋಲಿಗಿಂತ ಶೇಕಡ ಎಷ್ಟು ದುಬಾರಿಯೋ ಮೈಲೇಜ್ ಶೇಕಡ ಅಷ್ಟೇ ಹೆಚ್ಚಿದರೆ ಖರ್ಚು ಸರಿಸಮ. ಉದಾಹರಣೆಗೆ ಸಾದಾ ಪೆಟ್ರೋಲ್ ಲೀಟರಿಗೆ 100 ರೂಪಾಯಿ, ಪ್ರೀಮಿಯಂ 108 ಎಂದಿಟ್ಟುಕೊಂಡರೆ, 18 ಕಿ.ಮೀ. ಕೊಡುವ ಕಾರು 19.4 ಕಿ.ಮೀ. ಕೊಡಬೇಕು. ಎಎಎ ಕಂಡ ಸರಾಸರಿ ಲಾಭ ಶೇ 2.7 ಪೂರ್ಣವಾಗಿ ಸಿಕ್ಕರೂ ಅದು 18.5 ಮಾತ್ರ. 2020ರಲ್ಲಿ ಬಿಡುಗಡೆಯಾದಾಗ ದೆಹಲಿಯಲ್ಲಿ ಲೀಟರಿಗೆ 160 ರೂಪಾಯಿಯಿದ್ದ ಎಕ್ಸ್‌ಪಿ100ರಂತಹ ದರ್ಜೆಯ ಖರ್ಚನ್ನು ಮೈಲೇಜಿನಿಂದ ತುಂಬಿಕೊಳ್ಳಲು ಸಾಧ್ಯವೇ ಇಲ್ಲ. ಅದರ ಬಳಕೆ ಹೆಚ್ಚಿನ ಆಕ್ಟೇನ್ ಕೇಳುವ ಎಂಜಿನ್‌ಗಳಿಗೆ ಸೀಮಿತ.

95 ಕಡ್ಡಾಯವಾದ ಎಂಜಿನ್ನಿಗೆ ಈ ಲೆಕ್ಕ ಅನ್ವಯಿಸದು. ಅಲ್ಲಿ ಪ್ರೀಮಿಯಂ ಪೆಟ್ರೋಲ್ ಎಂಜಿನ್ನಿನ ರಕ್ಷಣೆಯ ಖರ್ಚು.

ಗುಣಮಟ್ಟದ ಪರಿಶೀಲನೆ

ಭಾರತದಲ್ಲಿ ಪೆಟ್ರೋಲಿನ ಗುಣಮಟ್ಟವನ್ನು ಭಾರತೀಯ ಮಾನಕ ಬ್ಯೂರೊದ ಐಎಸ್ 2796 ಮಾನದಂಡ ನಿಗದಿಪಡಿಸುತ್ತದೆ. ಬಿಎಸ್-6 ಹಂತದಲ್ಲಿ ಗಂಧಕದ ಮಿತಿ ಹತ್ತು ಲಕ್ಷ ಭಾಗಕ್ಕೆ 10 ಭಾಗ. ಬಿಎಸ್-4ರಲ್ಲಿ ಇದು 50 ಇತ್ತು. 15 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಾಂದ್ರತೆ ಘನಮೀಟರಿಗೆ 720ರಿಂದ 775 ಕಿಲೋ ಒಳಗಿರಬೇಕು. ಗ್ರಾಹಕರು ಬಂಕ್‌ನಲ್ಲಿ ಸಾಂದ್ರತೆಯ ಪರೀಕ್ಷೆ, ಫಿಲ್ಟರ್ ಕಾಗದದ ಪರೀಕ್ಷೆ ಮತ್ತು 5 ಲೀಟರ್ ಅಳತೆಯ ಪರೀಕ್ಷೆಯನ್ನು ಕೇಳಬಹುದು. ಶುದ್ಧ ಪೆಟ್ರೋಲಿನ ಹನಿ ಫಿಲ್ಟರ್ ಕಾಗದದ ಮೇಲೆ ಕಲೆ ಉಳಿಸದೆ ಆರಿಹೋಗುತ್ತದೆ. ಸೀಮೆಎಣ್ಣೆ ಬೆರೆತಿದ್ದರೆ ಜಿಡ್ಡಿನ ಗುರುತು ಉಳಿಯುತ್ತದೆ. ಆಕ್ಟೇನ್ ಸಂಖ್ಯೆಯನ್ನು ಮಾತ್ರ ಬಂಕ್‌ನಲ್ಲಿ ಹೀಗೆ ಅಳೆಯಲಾಗದು. ಅದಕ್ಕೆ ಪ್ರಯೋಗಾಲಯವೇ ಬೇಕು. ಕಲಬೆರಕೆಯ ಸೀಮೆಎಣ್ಣೆ ಆಕ್ಟೇನನ್ನು ಇಳಿಸಿ ಬಡಿತ ತರುತ್ತದೆ. ಇಂತಹ ಸಂದರ್ಭದಲ್ಲಿ ಬೇರೆ ಬಂಕ್‌ನ ಪ್ರೀಮಿಯಂ ಹಾಕಿದೊಡನೆ ಕಾಣುವ ಸುಧಾರಣೆಗೆ ಪೆಟ್ರೋಲಿನ ದರ್ಜೆಗಿಂತ ಅದರ ಶುದ್ಧತೆ ಕಾರಣವಾಗಿರಬಹುದು.

ಇಂದಿನ ಸ್ಥಿತಿ

2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಬಿಎಸ್-6 ಇಂಧನ ಜಾರಿಯಲ್ಲಿದೆ. ಶೇ 20 ಎಥನಾಲ್ ಬೆರೆತ ಇ20 ಪೆಟ್ರೋಲನ್ನು 2023ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲಿ ಪ್ರಧಾನಿ ಬಿಡುಗಡೆ ಮಾಡಿದರು. 2025ರ ಹೊತ್ತಿಗೆ ಅದೇ ದೇಶದ ಸಾದಾ ಪೆಟ್ರೋಲ್ ಆಯಿತು. ಇ20ರಿಂದ ಸಾದಾ ಪೆಟ್ರೋಲಿನ ಆರ್‌ಒಎನ್ 95ಕ್ಕೆ ಏರಿದೆ ಎಂದು ಕೇಂದ್ರ ಪೆಟ್ರೋಲಿಯಂ ಸಚಿವಾಲಯ 2025ರ ಆಗಸ್ಟ್‌ನಲ್ಲಿ ತಿಳಿಸಿತು. ಇ20 ಕಡ್ಡಾಯವನ್ನು ಪ್ರಶ್ನಿಸಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ವಜಾ ಮಾಡಿತು.

ಈ ಬದಲಾವಣೆಯಿಂದ ಪ್ರೀಮಿಯಂ ಎಂಬ ಪದದ ಅರ್ಥವೂ ಬದಲಾಗುತ್ತಿದೆ. ಸಾದಾ ಪೆಟ್ರೋಲೇ 95ನ್ನು ಮುಟ್ಟಿದಾಗ 95 ಅಂಕದ ಬ್ರಾಂಡೆಡ್ ಪೆಟ್ರೋಲಿನಲ್ಲಿ ಉಳಿಯುವ ವಿಶೇಷ ಶುದ್ಧಕಾರಕಗಳು. ಆಕ್ಟೇನಿನ ಅಂತರ ಕಾಣುವುದು 97ರಿಂದ 100ರ ದರ್ಜೆಗಳಲ್ಲಿ ಮಾತ್ರ. ಹಳೆಯ ವಾಹನಗಳ ಮಾಲೀಕರಿಗೆ ಇಂದು ಆಕ್ಟೇನಿಗಿಂತ ಮುಖ್ಯವಾದದ್ದು ಎಥನಾಲಿನ ಪ್ರಮಾಣ ಮತ್ತು ಅದಕ್ಕೆ ತಮ್ಮ ವಾಹನದ ರಬ್ಬರ್ ಕೊಳವೆಗಳ ಹೊಂದಾಣಿಕೆ. ತಯಾರಕರು 2023ರ ಏಪ್ರಿಲ್‌ನಿಂದ ಇ20ಗೆ ಒಗ್ಗುವ ಬಿಡಿಭಾಗಗಳನ್ನು ಅಳವಡಿಸಬೇಕು, 2025ರ ಏಪ್ರಿಲ್‌ನಿಂದ ಎಂಜಿನ್ನನ್ನೇ ಇ20ಗೆ ಹೊಂದಿಸಬೇಕು ಎಂಬುದು ನೀತಿ ಆಯೋಗದ ಮಾರ್ಗಸೂಚಿಯಲ್ಲಿದ್ದ ಕ್ರಮ.

ಕೊಡೈಕಾನಲ್ಲಿಗೆ ಹೋಗುವ ವಾಹನಗಳಿಗೆ, ದಟ್ಟಣೆಯನ್ನು ನಿಯಂತ್ರಿಸಲು, ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ 7ರಿಂದ ಇ-ಪಾಸ್ ವ್ಯವಸ್ಥೆ ಬಂದಿದೆ. ಘಾಟಿಯಲ್ಲಿ ವಾಹನಗಳ ಸಾಲು ನಿಂತಾಗ ಎಂಜಿನ್ ಐಡ್ಲಿಂಗ್‌ನಲ್ಲಿ ಸುಡುವ ಪೆಟ್ರೋಲ್ ಯಾವ ದರ್ಜೆಯದಾದರೂ ಕಿಲೋಮೀಟರ್ ಲೆಕ್ಕಕ್ಕೆ ಬರುವುದಿಲ್ಲ. ಸರಿಯಾದ ಗೇರ್, ಸರಿಯಾದ ಟೈರ್ ಒತ್ತಡ, ಮೇಲ್ಛಾವಣಿಯ ಮೇಲಿನ ಹೊರೆಯ ಮಿತಿ ಮತ್ತು ಕೈಪಿಡಿ ಹೇಳಿದ ಆಕ್ಟೇನ್, ಈ ನಾಲ್ಕು ಸರಿಯಿದ್ದರೆ ಸಾದಾ ಪೆಟ್ರೋಲಿಗೆ ರೂಪಿಸಿದ ಕಾರು ಸಾದಾ ಪೆಟ್ರೋಲಿನಲ್ಲೇ ಘಾಟಿಯನ್ನು ಬಡಿತವಿಲ್ಲದೆ ಏರುತ್ತದೆ.